ಪಟ್ಟಿಯಲ್ಲಿರೋ ತಪ್ಪು ಬೇರೆ, ನಮ್ಮ ಹುಡುಗರ ತಪ್ಪು ಬೇರೆ: ಗೊಂದಲದ ಇಂಗ್ಲಿಷ್ ಪದಗಳನ್ನ ಹೇಗೆ ಕಲಿಸ್ತೀರಿ?

ಕುಂದಗೋಳ ಮಾಸ್ತರ

ಎಲ್ಲರಿಗೂ ನಮಸ್ಕಾರ್ರಿ. ಕುಂದಗೋಳ ತಾಲೂಕಿನ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಹುಡುಗರೆಲ್ಲ ಕನ್ನಡ ಮೀಡಿಯಂ. 2007-08ರಿಂದ ಒಂದನೇ ತರಗತಿಗೇ ಇಂಗ್ಲಿಷ್ ಬಂದಿದೆ, ಹಾಗಾಗಿ ನಮ್ಮ ಕೈಗೆ ಬರೋ ಹೊತ್ತಿಗೆ ಅಕ್ಷರ, ಸಣ್ಣಪುಟ್ಟ ವಾಕ್ಯ ಎಲ್ಲ ಗೊತ್ತಿರುತ್ತದೆ. ತಕರಾರು ಶುರುವಾಗೋದು ಒಂದರಂತೆ ಇನ್ನೊಂದು ಕಾಣೋ ಪದಗಳಲ್ಲಿ.

ನಮಗೊಂದು ಪಟ್ಟಿ ಕೊಟ್ಟಿದ್ದಾರೆ. ನೆಟ್‌ನಿಂದ ಇಳಿಸಿದ್ದು ಅಂತ ನೋಡಿದರೇ ಗೊತ್ತಾಗುತ್ತದೆ. ಅಫೆಕ್ಟ್-ಇಫೆಕ್ಟ್, ಪ್ರಿನ್ಸಿಪಲ್ ಎರಡು ಥರ, ಸ್ಟೇಷನರಿ ಎರಡು ಥರ, ದೇರ್ ಎರಡು ಥರ, ಮರುಭೂಮಿಯ ಡೆಸರ್ಟ್, ಊಟ ಆದಮೇಲೆ ತಿನ್ನೋ ಡಿಸರ್ಟ್. ಹುಡುಗರು ಚಂದಗೆ ಬಾಯಿಪಾಠ ಮಾಡುತ್ತಾರೆ. ಕೇಳಿದರೆ ಪಟಪಟ ಒಪ್ಪಿಸುತ್ತಾರೆ.

ನೋಟ್‌ಬುಕ್ ತೆಗೆದರೆ ಬೇರೆಯೇ ಲೋಕ. ಸಂಶಿಯಿಂದ ಬರೋ ಒಬ್ಬ ಹುಡುಗ ಬರೆದದ್ದು: "ಐ ಆಮ್ ಲೀವಿಂಗ್ ಇನ್ ಸಂಶಿ ಸಿನ್ಸ್ ಫೋರ್ಟೀನ್ ಇಯರ್ಸ್." ಅದರ ಕೆಳಗೇ "ಮೈ ಫಾದರ್ ಸೆಡ್ ಮಿ ಡೋಂಟ್ ಲೂಸ್ ದಿ ಮನಿ." ಲೂಸ್‌ಗೆ ಎರಡು ಓ. ಪಕ್ಕದವನ ಪುಸ್ತಕದಲ್ಲಿ "ಪ್ಲೀಸ್ ಬಾರೋ ಮಿ ಯುವರ್ ಪೆನ್." ಇವುಗಳಲ್ಲಿ ಲೂಸ್ ಒಂದು ಬಿಟ್ಟರೆ ಉಳಿದದ್ದು ಯಾವುದೂ ಆ ಪಟ್ಟಿಯಲ್ಲಿ ಇಲ್ಲ. ಡಿಸರ್ಟ್ ಬಗ್ಗೆ ಬರೆಯೋ ಪ್ರಸಂಗ ನಮ್ಮ ಹುಡುಗರಿಗೆ ಬಂದೇ ಇಲ್ಲ, ಬರೋದೂ ಅನುಮಾನ.

ನೀವೆಲ್ಲ ಏನು ಮಾಡ್ತೀರಿ? ಪಟ್ಟಿ ಮುಗಿಸ್ತೀರಾ, ಇಲ್ಲಾ ಬೇರೆ ದಾರಿ ಇದೆಯಾ?

ಹಾವೇರಿ ಟ್ಯೂಷನ್

ಸರ್, ಪಟ್ಟಿ ಬಾಯಿಪಾಠ ಮಾಡಿಸಿ, ವಾರಕ್ಕೊಂದು ಟೆಸ್ಟ್ ಇಡಿ. ಹತ್ತನೇ ತರಗತಿಯ 80 ಅಂಕದ ಪೇಪರ್‌ಗೆ ಅಷ್ಟು ಸಾಕು. ಉಳಿದದ್ದು ಪಿಯುಸಿಯಲ್ಲಿ ತಾನೇ ಸರಿಹೋಗುತ್ತದೆ.

ನವನಗರ ನಿವಾಸಿ

> ಉಳಿದದ್ದು ಪಿಯುಸಿಯಲ್ಲಿ ತಾನೇ ಸರಿಹೋಗುತ್ತದೆ

ಪಿಯುಸಿ ಕಲಿಸೋವ ನಾನು. ಸರಿಹೋಗೋದಿಲ್ಲ ಸರ್. ಅಲ್ಲಿ ನಾವೂ "ಹೈಸ್ಕೂಲಲ್ಲೇ ಆಗಬೇಕಿತ್ತು" ಅಂತೇವೆ.

ಬೆಟಗೇರಿ ಅಕ್ಕೋರು

ಮಾಸ್ತರ್ರೇ, ನಿಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರ ಇದೆ. ಆ ಪಟ್ಟಿ ಇಂಗ್ಲಿಷ್ ಮನೆಮಾತಾಗಿರೋ ಮಕ್ಕಳಿಗೆ ಮಾಡಿದ್ದು. ಅವರು ಮೊದಲು ಮಾತು ಕಲಿಯುತ್ತಾರೆ, ಆಮೇಲೆ ಬರಹ. ಕಿವಿಗೆ ಎರಡೂ ಒಂದೇ ಥರ ಕೇಳೋ 'ದೇರ್' ಅವರಿಗೆ ಬರೆಯುವಾಗ ಕಾಡುತ್ತದೆ. ನಮ್ಮ ಮಕ್ಕಳ ತಲೆಯಲ್ಲಿ ಅದು ಮೊದಲು 'ಅಲ್ಲಿ' ಅಥವಾ 'ಅವರ' ಆಗಿರುತ್ತದೆ. ಆ ಎರಡರ ನಡುವೆ ಗೊಂದಲ ಎಲ್ಲಿಂದ ಬರಬೇಕು? ಇದು ಅಲ್ಲಿ, ಇದು ಅವರ ಅಂತ ಸ್ಪೆಲ್ಲಿಂಗ್ ಕಲಿಸಿದರೆ ಮುಗೀತು.

ನಮ್ಮ ಮಕ್ಕಳಿಗೆ ಕಷ್ಟ ಆಗೋದು ಕನ್ನಡದಲ್ಲಿ ಒಂದೇ ಪದ ಇದ್ದು ಇಂಗ್ಲಿಷಿನಲ್ಲಿ ಎರಡು ಇದ್ದಾಗ. ಸಿನ್ಸ್ ಮತ್ತು ಫಾರ್ ತಗೊಳ್ಳಿ. "2015ರಿಂದ ಇಲ್ಲಿದ್ದೇನೆ", "ಹತ್ತು ವರ್ಷದಿಂದ ಇಲ್ಲಿದ್ದೇನೆ." ಎರಡಕ್ಕೂ ನಾವು 'ಇಂದ' ಹಚ್ಚುತ್ತೇವೆ. ಹುಡುಗ 'ಇಂದ' ಅಂದರೆ ಸಿನ್ಸ್ ಅಂತ ಕಲಿತಿದ್ದಾನೆ, ಎಲ್ಲ ಕಡೆ ಅದನ್ನೇ ಹಾಕುತ್ತಾನೆ. ಅವನ ಲೆಕ್ಕದಲ್ಲಿ ಅದು ಸರೀನೇ.

ನಾನು ಮಾಡೋದು ಇಷ್ಟು. ವ್ಯಾಕರಣದ ಹೆಸರೇ ಎತ್ತೋದಿಲ್ಲ. ಬೋರ್ಡಿನ ಎಡಗಡೆ "ಯಾವಾಗಿನಿಂದ?" ಅಂತ ಬರೆಯುತ್ತೇನೆ, ಬಲಗಡೆ "ಎಷ್ಟು ದಿನದಿಂದ?" ಅಂತ. ಒಬ್ಬೊಬ್ಬರನ್ನೇ ಎಬ್ಬಿಸಿ ಕೇಳುತ್ತೇನೆ. ನಿಮ್ಮ ಮನೆಯಲ್ಲಿ ಆ ಎಮ್ಮೆ ಯಾವಾಗಿನಿಂದ ಇದೆ? "ದೀಪಾವಳಿಯಿಂದ್ರೀ." ಎಡಗಡೆ ಬರಿ. ಎಷ್ಟು ದಿನದಿಂದ ಜ್ವರ? "ಮೂರು ದಿನದಿಂದ್ರೀ." ಬಲಗಡೆ ಬರಿ. ಬೋರ್ಡ್ ತುಂಬಿದ ಮೇಲೆ ಎಡಗಡೆಯ ತಲೆ ಮೇಲೆ ಸಿನ್ಸ್, ಬಲಗಡೆಯ ತಲೆ ಮೇಲೆ ಫಾರ್. ಅವತ್ತಿನಿಂದ ತಪ್ಪು ಬರೆದವರಿಗೆ ನಾನು ಕೆಂಪು ಗೆರೆ ಎಳೆಯೋದಿಲ್ಲ, "ಯಾವಾಗಿನಿಂದಾನೋ, ಎಷ್ಟು ದಿನದಿಂದಾನೋ?" ಅಂತ ಕೇಳಿದರೆ ಸಾಕು, ತಾವೇ ಅಳಿಸಿ ಬರೆಯುತ್ತಾರೆ.

'ಆಮ್ ಲಿವಿಂಗ್' ಜಾಗದಲ್ಲಿ 'ಹ್ಯಾವ್ ಬೀನ್ ಲಿವಿಂಗ್' ಬರಬೇಕು ಅನ್ನೋದು ಬೇರೆ ಪಾಠ. ಎರಡನ್ನೂ ಒಂದೇ ದಿನ ಹೇಳಲು ಹೋಗಬೇಡಿ.

ಸೇ-ಟೆಲ್‌ಗೂ ಇದೇ ಉಪಾಯ. ನಮಗೆ ಎರಡೂ 'ಹೇಳು'. 'ಟೆಲ್' ಅಂದ ಕೂಡಲೇ "ಯಾರಿಗೆ?" ಅಂತ ಕೇಳಿ, ಉತ್ತರ ಬೆನ್ನಿಗೇ ಬರಬೇಕು. ಟೋಲ್ಡ್ ಮಿ, ಟೋಲ್ಡ್ ಹಿಮ್, ಟೋಲ್ಡ್ ದಿ ಟೀಚರ್. 'ಸೇ' ಅಂದರೆ "ಏನು?" ಅಂತ ಕೇಳಿ. ಸೆಡ್ ಯೆಸ್, ಸೆಡ್ ಸಾರಿ. ಯಾರಿಗೆ ಅನ್ನೋದು ಬೇಕೇ ಬೇಕಿದ್ದರೆ ನಡುವೆ ಒಂದು 'ಟು' ಇಡಬೇಕು.

ಸಪ್ತಾಪುರ ರೂಮ್

ಅಕ್ಕೋರೇ, ಇದೆಲ್ಲ ಚಂದ ಇದೆ. ಆದರೆ ನಾನು ಧಾರವಾಡದಲ್ಲಿ ಬ್ಯಾಂಕ್ ಎಕ್ಸಾಂ, ಎಸ್ಎಸ್‌ಸಿ ಎರಡಕ್ಕೂ ಓದ್ತಾ ಇದ್ದೀನಿ. ಅಲ್ಲಿ ಕೇಳೋದೇ ಜೋಡಿ ಪದ. ಒಂದು ವಾಕ್ಯ, ನಾಲ್ಕು ಆಪ್ಷನ್. ಅಫೆಕ್ಟ್, ಇಫೆಕ್ಟ್ ಎರಡೂ ಅಲ್ಲೇ ಅಕ್ಕಪಕ್ಕ ಕೂತಿರುತ್ತವೆ. ನಮ್ಮ ಕೋಚಿಂಗ್‌ನಲ್ಲಿ ಕೊಟ್ಟ ಪಟ್ಟಿ ಗೋಡೆಗೆ ಅಂಟಿಸಿಕೊಂಡು ದಿನಾ ನೋಡ್ತೀವಿ. ಅದೇ ಪಟ್ಟಿ ಹೈಸ್ಕೂಲಲ್ಲೇ ಬಂದಿದ್ದರೆ ಇವತ್ತು ಇಷ್ಟು ಒದ್ದಾಡಬೇಕಿರಲಿಲ್ಲ. ಹಳ್ಳಿ ಹುಡುಗರಿಗೆ ಪಟ್ಟಿ ಬೇಡ ಅನ್ನೋದು ಅವರನ್ನ ಇನ್ನೂ ಹಿಂದೆ ತಳ್ಳಿದ ಹಾಗೆ ಅಲ್ವಾ?

ಬೆಟಗೇರಿ ಅಕ್ಕೋರು

ತಮ್ಮಾ, ಪಟ್ಟಿ ಬೇಡ ಅಂದಿಲ್ಲ. ಎರಡನ್ನೂ ಒಂದೇ ದಿನ, ಒಂದೇ ಬೋರ್ಡಿನ ಮೇಲೆ, ಹೊಸದಾಗಿ ತೋರಿಸಬೇಡಿ ಅಂತ ನನ್ನ ಮಾತು. ಮದುವೆ ಮನೆಯಲ್ಲಿ ಅವಳಿ ಮಕ್ಕಳನ್ನ ಒಟ್ಟಿಗೆ ನಿಲ್ಲಿಸಿ ಇವ ರಾಮ, ಇವ ಲಕ್ಷ್ಮಣ ಅಂದರೆ ಸಂಜೆಗೆ ಯಾರು ಯಾರು ಅಂತ ನೆನಪಿರುತ್ತದೆಯೇ? ಒಬ್ಬನೇ ನಿಮ್ಮ ಮನೆಯಲ್ಲಿ ಒಂದು ವಾರ ಇದ್ದು ಹೋಗಲಿ, ಆಮೇಲೆ ಇನ್ನೊಬ್ಬ ಬರಲಿ.

ಇದು ನನ್ನ ತಲೆಯಿಂದ ಬಂದದ್ದೂ ಅಲ್ಲ. ಪದ ಕಲಿಕೆಯ ಮೇಲೆ ಬಹಳ ಕೆಲಸ ಮಾಡಿರೋ ನ್ಯೂಜಿಲೆಂಡಿನ ಪಾಲ್ ನೇಷನ್ ಅವರೂ ಇದನ್ನೇ ಹೇಳುತ್ತಾರೆ. ಹೋಲುವ ಪದಗಳನ್ನ ಒಟ್ಟಿಗೆ ಕಲಿಸಿದರೆ ಒಂದು ಇನ್ನೊಂದಕ್ಕೆ ಅಡ್ಡ ಬರುತ್ತದೆ, ಒಂದು ಗಟ್ಟಿಯಾದ ಮೇಲೆ ಇನ್ನೊಂದು ತರಬೇಕು ಅಂತ. ನಿಮಗೆ ಅಫೆಕ್ಟ್, ಇಫೆಕ್ಟ್ ಎರಡೂ ಅರ್ಧಂಬರ್ಧ ಗೊತ್ತಿವೆ, ಹಾಗಾಗಿ ಗೋಡೆ ಮೇಲಿನ ಪಟ್ಟಿ ನಿಮಗೆ ಉಪಯೋಗ. ಎಂಟನೇ ತರಗತಿ ಹುಡುಗನಿಗೆ ಎರಡೂ ಹೊಸವು.

ಅಂದ ಹಾಗೆ, ನಿಮ್ಮ ಪರೀಕ್ಷೆಗೆ: ಪದಕ್ಕಿಂತ ಮೊದಲು 'ದಿ' ಅಥವಾ 'ಆ್ಯನ್' ಇದ್ದರೆ ಬಹುತೇಕ ಇ ಅಕ್ಷರದ ಇಫೆಕ್ಟೇ. 'ಪರಿಣಾಮ' ಅಷ್ಟೇ ಅಂದರೆ ಇಫೆಕ್ಟ್, 'ಪರಿಣಾಮ ಬೀರು' ಅಂದರೆ ಅಫೆಕ್ಟ್. ಅಪರೂಪಕ್ಕೆ ತಿರುಗಾಮುರುಗಾ ಬರುತ್ತವೆ, ಅವುಗಳ ಹಿಂದೆ ಬೀಳಬೇಡಿ.

ಸಪ್ತಾಪುರ ರೂಮ್

'ಬೀರು' ಒಳ್ಳೇದಿದೆ, ಬರೆದುಕೊಂಡೆ. ಆದರೆ ಪಟ್ಟಿ ಮೇಲಿನ ನನ್ನ ನಂಬಿಕೆ ಹಾಗೇ ಇದೆ 😀

ನವನಗರ ನಿವಾಸಿ

ಇದರಲ್ಲಿ ಇನ್ನೊಂದು ವಿಷಯ ಸೇರಿಸಬೇಕು. ಎಲ್ಲ ಗೊಂದಲವೂ ಅರ್ಥದ್ದಲ್ಲ, ಕೆಲವು ಕಿವಿಯದ್ದು.

ನಮ್ಮ ಮಕ್ಕಳಿಗೆ ಒಂದು ಅನುಕೂಲ ಇದೆ. ಕನ್ನಡದಲ್ಲಿ ಹ್ರಸ್ವ-ದೀರ್ಘ ಇರೋದರಿಂದ ಅವರ ಕಿವಿ ಆ ವಿಷಯದಲ್ಲಿ ಬಲು ಚುರುಕು. ಲಿವ್-ಲೀವ್, ಫಿಲ್-ಫೀಲ್, ಟೆಸ್ಟ್-ಟೇಸ್ಟ್, ಫುಲ್-ಫೂಲ್ ಎಲ್ಲ ಒಂದು ಸಲ ಗಟ್ಟಿಯಾಗಿ ಹೇಳಿಸಿದರೆ ತಿಳಿಯುತ್ತವೆ. ಬಿಡಿ-ಬೀಡಿ ಗೊತ್ತಿರೋ ಹುಡುಗನಿಗೆ ಲಿವ್-ಲೀವ್ ಏನು ದೊಡ್ಡದು? ಇಂಗ್ಲಿಷಿನಲ್ಲಿ ಉದ್ದದ ಜೊತೆ ನಾಲಿಗೆಯ ಜಾಗವೂ ಸ್ವಲ್ಪ ಬದಲಾಗುತ್ತದೆ ಅನ್ನೋದು ನಿಜ, ಆದರೆ ಗುರುತು ಹಿಡಿಯೋಕೆ ನಮ್ಮ ದೀರ್ಘ ಸಾಕು. ಸಂಶಿ ಹುಡುಗನ 'ಲೀವಿಂಗ್' ಸರಿಮಾಡಲು ಬರೆಸೋದಕ್ಕಿಂತ ಓದಿಸಿ.

ಕಿವಿ ಕೈಕೊಡೋದು ಸ ಮತ್ತು ಝಡ್ ಕಡೆ. ಪ್ರೈಸ್-ಪ್ರೈಜ್, ಅಡ್ವೈಸ್-ಅಡ್ವೈಜ್, ಲೂಸ್-ಲೂಜ್. ಕನ್ನಡದಲ್ಲಿ ಝಡ್ ಸದ್ದು ಇಲ್ಲ, ಇರೋದು ಜ. ಅದಕ್ಕೇ ಮಕ್ಕಳು ಒಂದೋ ಎರಡನ್ನೂ ಸ ಅನ್ನುತ್ತಾರೆ, ಇಲ್ಲಾ 'ಪ್ರೈಜು' ಅಂತ ಪೂರ್ತಿ ಜ ಮಾಡುತ್ತಾರೆ. ಇದಕ್ಕೆ ಇನ್ನೊಂದು ಕಾರಣ, ಇಂಗ್ಲಿಷ್ ಪಾಠದ ಮೇಲೆ ಪೆನ್ಸಿಲ್‌ನಲ್ಲಿ ಕನ್ನಡ ಉಚ್ಚಾರ ಬರೆದುಕೊಳ್ಳೋ ಚಟ. ಅಡ್ವೈಸ್ ಎರಡಕ್ಕೂ ಒಂದೇ ಥರ ಬರೆದಿರುತ್ತಾರೆ. ಬರೆಯಬೇಡಿ ಅಂದರೆ ಬಿಡೋದಿಲ್ಲ, ಕದ್ದು ಬರೆಯುತ್ತಾರೆ. ಹಾಗಾಗಿ ನಾನು ಬರೆಯೋಕೆ ಬಿಟ್ಟು, ಝಡ್ ಸದ್ದು ಇರೋ ಕಡೆ ಜ ಕೆಳಗೆ ಎರಡು ಚುಕ್ಕಿ ಇಡಲು ಹೇಳುತ್ತೇನೆ. ಜ಼ ಅಂತ. ಹೊರಗಿನ ಸದ್ದಿಗೆ ಕನ್ನಡ ಅಚ್ಚಿನಲ್ಲಿ ಈ ಚುಕ್ಕಿ ಹಿಂದಿನಿಂದಲೂ ಇದೆ, ಫ಼ ನೋಡಿರಬೇಕು. ಚುಕ್ಕಿ ಕಂಡ ಕಡೆ ಗಂಟಲ ಮೇಲೆ ಕೈ ಇಟ್ಟುಕೊಂಡು ಹೇಳಿಸಿ. ಸ ಅಂದಾಗ ಗಂಟಲು ಸುಮ್ಮನಿರುತ್ತದೆ, ಝಡ್ ಅಂದಾಗ ಕೈಗೆ ಗುಂಯ್ ಅಂತ ತಾಕುತ್ತದೆ. ಹುಡುಗರಿಗೆ ಇದು ಬಹಳ ಖುಷಿ, ಇಡೀ ಕ್ಲಾಸು ಕುತ್ತಿಗೆ ಹಿಡಿದುಕೊಂಡು ಕೂರುತ್ತದೆ.

ಲೂಸ್ ವಿಷಯದಲ್ಲಿ ಹುಡುಗನ ತರ್ಕ ನೋಡಿ. ಲೂ ದೀರ್ಘ, ಅಂದ ಮೇಲೆ ಎರಡು ಓ ಇರಲೇಬೇಕು. ಕನ್ನಡದ ಲೆಕ್ಕದಲ್ಲಿ ಅದು ನ್ಯಾಯವಾದ ಮಾತು, ಇಂಗ್ಲಿಷ್ ಸ್ಪೆಲ್ಲಿಂಗಿಗೆ ನ್ಯಾಯ ಇಲ್ಲ ಅಷ್ಟೇ. "ಸಡಿಲ ಅಂಗಿಯೊಳಗೆ ಜಾಗ ಜಾಸ್ತಿ, ಎರಡು ಓ ಹಿಡಿಸುತ್ತವೆ. ಕಳಕೊಂಡವನು ಒಂದು ಓ ಕಳಕೊಂಡ." ಇಷ್ಟು ಹೇಳಿ ಬಿಟ್ಟುಬಿಡಿ.

ಹಾವೇರಿ ಟ್ಯೂಷನ್

ಇಂಥ ಉಪಾಯಗಳು ಇಂಗ್ಲಿಷ್ ಪುಸ್ತಕದಲ್ಲಿ ರಾಶಿ ಇವೆಯಲ್ಲ ಸರ್. ಪ್ರಿನ್ಸಿಪಲ್‌ನ ಕೊನೆಗೆ 'ಪಾಲ್' ಇದೆ, ಪ್ರಿನ್ಸಿಪಾಲರು ನಿಮ್ಮ ಗೆಳೆಯ ಅಂತ.

ನವನಗರ ನಿವಾಸಿ

'ಪಾಲ್' ಅಂದರೆ ಗೆಳೆಯ ಅಂತ ಯಾವ ಹುಡುಗನಿಗೆ ಗೊತ್ತಿದೆ? ಅದನ್ನ ಮೊದಲು ಕಲಿಸಬೇಕು. ಪ್ರಿನ್ಸಿಪಾಲರು ಗೆಳೆಯ ಅನ್ನೋದನ್ನ ನಂಬಿಸೋದು ಅದಕ್ಕಿಂತ ಕಷ್ಟ. ಹೆಡ್ಮಾಸ್ತರರ ರೂಮಿನ ಬೋರ್ಡ್ ಬಿಟ್ಟರೆ ನಮ್ಮ ಮಕ್ಕಳು ಆ ಪದ ಬಳಸೋದು ರಜೆ ಅರ್ಜಿಯಲ್ಲಿ ಮಾತ್ರ. ಎ-ಎಲ್ ಇರೋ ಒಂದೇ ರೂಪ ಕಲಿಸಿ, 'ತತ್ವ' ಅನ್ನೋ ಅರ್ಥದ್ದು ಪಿಯುಸಿ ವಿಜ್ಞಾನದಲ್ಲಿ ಬಂದಾಗ ನಾವು ನೋಡಿಕೊಳ್ಳುತ್ತೇವೆ.

ಅಡ್ವೈಸ್‌ಗೆ ಮಾತ್ರ ಇಂಗ್ಲಿಷ್ ಉಪಾಯ ನಮ್ಮಲ್ಲೂ ನಡೆಯುತ್ತದೆ. ಕೊನೆಯಲ್ಲಿ 'ಐಸ್' ಇದ್ದರೆ ಅದು ವಸ್ತು. ಐಸ್ ಎಲ್ಲರಿಗೂ ಗೊತ್ತು. ಪ್ರಾಕ್ಟೀಸ್, ಲೈಸೆನ್ಸ್‌ಗಳಲ್ಲೂ ಬ್ರಿಟಿಷ್ ಬರವಣಿಗೆಯಲ್ಲಿ ಹೆಸರಾದರೆ ಸಿ, ಕ್ರಿಯೆಯಾದರೆ ಎಸ್. ಅಮೆರಿಕದವರು ಈ ಭೇದ ಇಟ್ಟುಕೊಂಡಿಲ್ಲ, ಪ್ರಾಕ್ಟೀಸ್‌ಗೆ ಎರಡೂ ಕಡೆ ಸಿ, ಲೈಸೆನ್ಸ್‌ಗೆ ಎರಡೂ ಕಡೆ ಎಸ್. ಫೋನು ಅಮೆರಿಕನ್ ಇಂಗ್ಲಿಷಿಗೆ ಸೆಟ್ ಆಗಿದ್ದರೆ ಸರಿ ಬರೆದದ್ದಕ್ಕೂ ಕೆಂಪು ಗೆರೆ ಎಳೆಯುತ್ತದೆ.

ಗದಗ ಪ್ರೆಸ್

ನಾನು ಮಾಸ್ತರ ಅಲ್ಲ. ಗದಗಿನಲ್ಲಿ ಪ್ರಿಂಟಿಂಗ್ ಪ್ರೆಸ್ ಕೆಲಸ. ಆದರೆ ಈ ಜೋಡಿ ಪದಗಳ ಕೂಡ ದಿನಾ ಜಗಳ ನನಗೂ ಇದೆ.

ಲಗ್ನಪತ್ರಿಕೆಯ ಕೊನೆಗೆ 'ವಿತ್ ಬೆಸ್ಟ್ ಕಾಂಪ್ಲಿಮೆಂಟ್ಸ್ ಫ್ರಮ್' ಅಂತ ಹಾಕಿಸುತ್ತಾರಲ್ಲ, ಅಲ್ಲಿ ಎಲ್ ಆದಮೇಲೆ ಐ ಬರಬೇಕು. ಗಿರಾಕಿ ವಾಟ್ಸಾಪ್‌ನಲ್ಲಿ ಕಳಿಸಿದ ಮ್ಯಾಟರ್‌ನಲ್ಲಿ ಇ ಇರುತ್ತದೆ. ಇ ಹಾಕಿದರೆ ಅರ್ಥ 'ಪೂರಕ' ಅಂತಾಗುತ್ತದೆ. ಕಂಪ್ಯೂಟರ್ ಹಿಡಿಯೋದಿಲ್ಲ, ಯಾಕಂದ್ರೆ ಎರಡೂ ಸರಿಯಾದ ಪದಗಳೇ. ತಪ್ಪು ಸ್ಪೆಲ್ಲಿಂಗ್ ಆದರೆ ಸಾಫ್ಟ್‌ವೇರ್ ಕೂಗುತ್ತದೆ, ತಪ್ಪು ಪದ ಆದರೆ ಸುಮ್ನೆ ಕೂರುತ್ತದೆ. ನಾವು ಸರಿಮಾಡಿ ಪ್ರೂಫ್ ಕಳಿಸಿದರೆ ಗಿರಾಕಿ ಮತ್ತೆ ಇ ಮಾಡಿ ಕಳಿಸುತ್ತಾರೆ, "ನಮ್ಮ ಹುಡುಗ ಬೆಂಗಳೂರಾಗ ಇದಾನ, ಅವನೇ ನೋಡಿದಾನ" ಅಂತ. ಹಾಕಿ ಕೊಡುತ್ತೇವೆ. ರೊಕ್ಕ ಅವರದು.

ಇನ್ನೊಂದು ಸ್ಟೇಷನರಿ. ಅಂಗಡಿ ಬೋರ್ಡುಗಳಲ್ಲಿ ಎ-ಆರ್-ವೈ ಇರೋದು ಎಷ್ಟು ನೋಡಿದ್ದೇನೋ. ಅದರ ಪ್ರಕಾರ ಅದು 'ನಿಂತಲ್ಲೇ ನಿಂತ ಅಂಗಡಿ'. ಮಕ್ಕಳಿಗೆ ಕಲಿಸೋದಾದರೆ ಅಂಗಡಿ ಬೋರ್ಡ್ ಫೋಟೋ ತೆಗೆದುಕೊಂಡು ಬರಲು ಹೇಳಿ, ಯಾವುದು ಸರಿ ಯಾವುದು ತಪ್ಪು ಅವರೇ ಹೇಳಲಿ. ಅಂಗಡಿಯವರಿಗೆ ಮಾತ್ರ ಹೇಳಬೇಡ ಅನ್ನಿ.

ಧಾರವಾಡ ಹಿರಿಯ

ಗದಗಿನವರೇ, ಆ ಅಂಗಡಿಯವರನ್ನ ಅಷ್ಟು ನಗಬೇಡಿ. ಎರಡೂ ಸ್ಟೇಷನರಿಗೂ ಮೂಲ ಒಂದೇ. ಹಿಂದೆ ಯುರೋಪಿನಲ್ಲಿ ಸಾಮಾನು ಮಾರುವವರು ಬಹಳ ಜನ ಊರೂರು ತಿರುಗುತ್ತಿದ್ದರು. ಪುಸ್ತಕ ಮಾರುವವನು ಒಂದೇ ಜಾಗದಲ್ಲಿ ಅಂಗಡಿ ಹಾಕಿ ಕೂರುತ್ತಿದ್ದ. ಹಾಗೆ ನಿಂತಲ್ಲೇ ಇದ್ದು ವ್ಯಾಪಾರ ಮಾಡುವವನೇ ಸ್ಟೇಷನರ್. ಅವನ ಹತ್ತಿರ ಸಿಗುವ ಕಾಗದ, ಮಸಿ ಎಲ್ಲ ಸ್ಟೇಷನರಿ ಆಯಿತು. ಅಂದರೆ 'ನಿಂತಲ್ಲೇ ನಿಂತ ಅಂಗಡಿ' ಅನ್ನೋ ನಿಮ್ಮ ಚೇಷ್ಟೆಯಲ್ಲೇ ಇತಿಹಾಸ ಇದೆ. ಹತ್ತನೇ ತರಗತಿಯವರಿಗೆ ಈ ಕಥೆ ಹೇಳಿ, ಅಂಗಡಿಯವನ 'ಎರ್' ಹಿಡಿದುಕೊಂಡರೆ ಸ್ಪೆಲ್ಲಿಂಗ್ ಉಳಿಯುತ್ತದೆ. ಸ್ಟೇಷನರ್, ಸ್ಟೇಷನರಿ. ಹುಬ್ಬಳ್ಳಿ ಪ್ಲಾಟ್‌ಫಾರ್ಮಿನ ಮೇಲೆ ಅಲ್ಲಾಡದೆ ನಿಂತ ಟ್ರೇನಿಗೆ ಎ ಇರೋದು.

ಇಟ್ಸ್ ಬಗ್ಗೆಯೂ ಹೀಗೇ. 'ಅದರ' ಅನ್ನೋ ಅರ್ಥದ ಇಟ್ಸ್‌ಗೆ ಎಸ್ ಮುಂಚೆ ಮೇಲಿನ ಚುಕ್ಕೆ (ಅಪಾಸ್ಟ್ರಫಿ) ಹಾಕಬಾರದು ಅಂತ ಇವತ್ತು ನಾವು ಮಕ್ಕಳ ಅಂಕ ಕಳೆಯುತ್ತೇವೆ. ಹದಿನೇಳನೇ ಶತಮಾನದ ಇಂಗ್ಲಿಷರು ಅದೇ ಅರ್ಥಕ್ಕೆ ಚುಕ್ಕೆ ಹಾಕಿಯೇ ಬರೆಯುತ್ತಿದ್ದರು. ನಿಯಮ ಆಮೇಲೆ ಗಟ್ಟಿಯಾಯಿತು. ಮಕ್ಕಳಿಗೆ ಬಿಡಿಸಿ ಓದಲು ಹೇಳಿ. 'ಇಟ್ ಈಸ್' ಅಂತ ಬಿಡಿಸಿದಾಗ ವಾಕ್ಯ ನಿಂತರೆ ಚುಕ್ಕೆ ಇರಲಿ, ಬಿದ್ದರೆ ತೆಗೆಯಲಿ.

ವಿದ್ಯಾನಗರ ಪಾಲಕ

ಎಲ್ಲ ಓದಿದೆ. ಒಂದು ಅನುಮಾನ. ಇಂಗ್ಲಿಷ್ ಕ್ಲಾಸಿನಲ್ಲಿ ಇಷ್ಟು ಕನ್ನಡ ಯಾಕೆ? ಇಂಗ್ಲಿಷಿನಲ್ಲೇ ಯೋಚಿಸೋಕೆ ಕಲಿಸಿದರೆ ಈ ಗೊಂದಲ ಹುಟ್ಟೋದೇ ಇಲ್ಲವಲ್ಲ. ನನ್ನ ಮಗನ ಶಾಲೆಯಲ್ಲಿ ಕನ್ನಡ ಮಾತಾಡಿದರೆ ದಂಡ ಹಾಕುತ್ತಾರೆ. ಕಠಿಣ ಅನ್ನಿಸಬಹುದು, ಆದರೆ ಹುಡುಗ ಮಾತಾಡುತ್ತಾನೆ.

ಬೆಟಗೇರಿ ಅಕ್ಕೋರು

ಮಾತಾಡುತ್ತಾನೆ ಸರಿ. "ಹಿ ಸೆಡ್ ಮಿ" ಅನ್ನುತ್ತಾನೋ, "ಹಿ ಟೋಲ್ಡ್ ಮಿ" ಅನ್ನುತ್ತಾನೋ ಒಮ್ಮೆ ಕಿವಿಗೊಟ್ಟು ಕೇಳಿ ಸರ್.

ವಿದ್ಯಾನಗರ ಪಾಲಕ

ಈಗಷ್ಟೇ ಕೇಳಿದೆ. "ಮಿಸ್ ಸೆಡ್ ಮಿ" ಅಂದ 😐 ಆದರೂ ನನ್ನ ಪ್ರಶ್ನೆ ಉಳಿದೇ ಇದೆ.

ಧಾರವಾಡ ಹಿರಿಯ

ಪಾಲಕರೇ, ನಿಮ್ಮ ಪ್ರಶ್ನೆ ಹಳೆಯದು, ಸಣ್ಣದೂ ಅಲ್ಲ. ಇಂಗ್ಲಿಷನ್ನ ಇಂಗ್ಲಿಷಿನಲ್ಲೇ ಕಲಿಸಬೇಕು ಅನ್ನೋ ಪಂಥ ನೂರು ವರ್ಷಕ್ಕೂ ಹಿಂದಿನದು. ದಿನವಿಡೀ ಇಂಗ್ಲಿಷ್ ಕಿವಿಗೆ ಬೀಳೋ ಕಡೆ ಅದು ನಡೆಯುತ್ತದೆ. ನಮ್ಮ ಹುಡುಗನಿಗೆ ದಿನಕ್ಕೆ ಒಂದು ಪೀರಿಯಡ್ ಇಂಗ್ಲಿಷ್, ಉಳಿದದ್ದೆಲ್ಲ ಕನ್ನಡ. ನೀವು ಬೇಡ ಅಂದರೂ ಅವನು ಕನ್ನಡದಿಂದಲೇ ದಾಟಿ ಬರುತ್ತಾನೆ, ಮನಸ್ಸಿನಲ್ಲಿ. ಅದನ್ನ ಬೋರ್ಡಿನ ಮೇಲೆ ತಂದರೆ ಎಲ್ಲಿ ಎಡವುತ್ತಾನೆ ಅಂತ ನಮಗೆ ಕಾಣುತ್ತದೆ. ದಂಡ ಹಾಕಿದರೆ ಕಾಣೋದಿಲ್ಲ, ಅಷ್ಟೇ ವ್ಯತ್ಯಾಸ.

ನಮ್ಮ ಭಾಗದಲ್ಲಿ ಈ ಎರಡೂ ಭಾಷೆ ಯಾವತ್ತೂ ವೈರಿಗಳಾಗಿರಲಿಲ್ಲ. ಸವಣೂರಿನಲ್ಲಿ 1909ರಲ್ಲಿ ಹುಟ್ಟಿದ ವಿ.ಕೃ. ಗೋಕಾಕರು ಇಂಗ್ಲಿಷ್ ಪ್ರಾಧ್ಯಾಪಕರು. ಇಂಗ್ಲಿಷ್ ಕಲಿಸುವವರಿಗೆ ತರಬೇತಿ ಕೊಡಲೆಂದೇ ಹೈದರಾಬಾದಿನಲ್ಲಿ 1958ರಲ್ಲಿ ಶುರುವಾದ ಸೆಂಟ್ರಲ್ ಇನ್‌ಸ್ಟಿಟ್ಯೂಟ್ ಆಫ್ ಇಂಗ್ಲಿಷ್‌ಗೆ ನಿರ್ದೇಶಕರಾಗಿದ್ದವರು. ಈಗ ಇಫ್ಲು (ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯ) ಅಂತಾರಲ್ಲ, ಅದೇ. ಶಾಲೆಯಲ್ಲಿ ಕನ್ನಡ ಪ್ರಥಮ ಭಾಷೆ ಆಗಬೇಕು ಅಂತ 1981ರಲ್ಲಿ ವರದಿ ಕೊಟ್ಟ ಸಮಿತಿಯ ಅಧ್ಯಕ್ಷರೂ ಅವರೇ. ಇಂಗ್ಲಿಷ್ ಚೆನ್ನಾಗಿ ಕಲಿಸಬೇಕು ಅನ್ನೋವನು ಕನ್ನಡ ಓಡಿಸಬೇಕಿಲ್ಲ.

ಅಕ್ಕೋರು ಹೇಳಿದ ದಾರಿಗೆ ಒಂದು ಸೇರಿಸುತ್ತೇನೆ. ಸೀ-ಲುಕ್, ಹಿಯರ್-ಲಿಸನ್. ಹುಡುಗರು 'ನೋಡು', 'ಕೇಳು' ಅಂತ ಒಂದೊಂದೇ ಅರ್ಥ ಕಲಿತು ಗೊಂದಲ ಮಾಡಿಕೊಳ್ಳುತ್ತಾರೆ. ಆದರೆ ಕನ್ನಡದಲ್ಲೂ ಎರಡೆರಡು ಇವೆ. 'ನನಗೆ ಕಾಣಿಸಿತು' ಅಂದರೆ ಸೀ, 'ನಾನು ನೋಡಿದೆ' ಅಂದರೆ ಲುಕ್. 'ನನಗೆ ಕೇಳಿಸಿತು' ಹಿಯರ್, 'ನಾನು ಕೇಳಿದೆ' ಲಿಸನ್. 'ನನಗೆ' ಬಂದರೆ ಅದು ತಾನಾಗಿ ಆದದ್ದು, 'ನಾನು' ಬಂದರೆ ಬೇಕಂತ ಮಾಡಿದ್ದು. ಇಷ್ಟು ಒಳ್ಳೆಯ ಅಳತೆಗೋಲು ಮನೆಯಲ್ಲೇ ಇದೆ.

ಸಪ್ತಾಪುರ ರೂಮ್

ಹಿರಿಯರೇ, "ನಾನು ಸಿನಿಮಾ ನೋಡಿದೆ" ಅನ್ನೋದಕ್ಕೆ "ಐ ಸಾ ಎ ಫಿಲ್ಮ್" ಅಂತಾರಲ್ಲ? ಅಲ್ಲಿ 'ನಾನು' ಇದೆ, ಆದರೂ ಸೀ.

ಧಾರವಾಡ ಹಿರಿಯ

ಭೇಷ್. ಅಲ್ಲಿ ಅಳತೆಗೋಲು ನಡೆಯೋದಿಲ್ಲ. ಸಿನಿಮಾ, ಡಾಕ್ಟರು, ಊರು, ಇವನ್ನ ನೋಡೋಕೆ ಸೀ ಬರುತ್ತದೆ. ಬೇರೆಯಾಗಿಯೇ ಕಲಿಸಬೇಕು.

ಬ್ಯಾಡಗಿ ತಾಯಿ

ನಮ್ಮದು ಮೆಣಸಿನಕಾಯಿ ವ್ಯಾಪಾರದ ಮನೆ. ಮಗಳು ಏಳನೇ ತರಗತಿ. ಮಾರ್ಕೆಟ್ ಬಗ್ಗೆ ಪ್ರಬಂಧ ಬರೆದಿದ್ದಳು. "ದಿಸ್ ಇಯರ್ ಬ್ಯಾಡಗಿ ಚಿಲ್ಲಿ ಗಾಟ್ ಗುಡ್ ಪ್ರೈಜ್" ಅಂತ, ಝಡ್ ಹಾಕಿ. ಅವಳಪ್ಪ ಓದಿ ಮೆಣಸಿನಕಾಯಿಗೆ ಬಹುಮಾನ ಬಂತೇನು ಅಂತ ನಕ್ಕರು. ಮೇಲೆ ನವನಗರದವರು ಹೇಳಿದ ಹಾಗೆ ಗಂಟಲು ಹಿಡಿದು ಹೇಳಿಸಿದೆ, ಗುರುತು ಸಿಕ್ಕಿತು ಅನ್ನಿಸುತ್ತದೆ.

ಇನ್ನೊಂದು ನನಗೇ ಬಗೆಹರಿಯದ್ದು. "ಬ್ಯಾಡಗಿ ಚಿಲ್ಲಿ ಈಸ್ ನಾಟ್ ಹಾಟ್" ಅಂತ ಬರೆದರೆ ಬಿಸಿ ಇಲ್ಲ ಅಂತಾಗೋದಿಲ್ಲವೇ? ನಮ್ಮ ಕಾಯಿಯ ಹೆಚ್ಚುಗಾರಿಕೆಯೇ ಬಣ್ಣ ಜಾಸ್ತಿ, ಖಾರ ಕಡಿಮೆ ಅನ್ನೋದು. ಅದನ್ನ ಹೇಗೆ ಬರೆಯಬೇಕು?

ನವನಗರ ನಿವಾಸಿ

ಇಲ್ಲಿ ಉಲ್ಟಾ ಆಗಿದೆ ನೋಡಿ ಅಕ್ಕಾ. ನಮಗೆ ಖಾರ, ಬಿಸಿ ಬೇರೆ ಬೇರೆ, ಇಂಗ್ಲಿಷಿನವರಿಗೆ ಎರಡೂ ಹಾಟ್. ಮೆಣಸಿನಕಾಯಿಗೆ ಹಾಟ್ ಅಂದರೆ ಖಾರ ಅಂತಲೇ ಓದಿಕೊಳ್ಳುತ್ತಾರೆ, ಮಗಳ ವಾಕ್ಯ ಸರಿ ಇದೆ. ಸಾರು, ಪಲ್ಯದಂಥ ಅಡುಗೆ ಆದರೆ ಬಿಸಿಯೋ ಖಾರವೋ ತಿಳಿಯೋದಿಲ್ಲ, ಅಲ್ಲಿ ಸ್ಪೈಸಿ ಬರೆಯಲಿ. "ಮೈಲ್ಡ್" ಅಂತಲೂ ಒಂದಿದೆ, ಖಾರ ಕಡಿಮೆ ಅನ್ನೋದಕ್ಕೆ. ಬ್ಯಾಡಗಿ ಕಾಯಿಗೆ ಅದು ಚೆನ್ನಾಗಿ ಒಪ್ಪುತ್ತದೆ.

ರಾಣೆಬೆನ್ನೂರು ಟೀಚರ್

ವಾಂಟ್ ಮತ್ತು ವೋಂಟ್ ಯಾರೂ ಹೇಳಲಿಲ್ಲ. ನನ್ನ ಕ್ಲಾಸಿನ ಹುಡು​ಗನ ರಜೆ ಅರ್ಜಿ: "ಸರ್, ಮೈ ಸಿಸ್ಟರ್ ಮ್ಯಾರೇಜ್. ಐ ವಾಂಟ್ ಕಮ್ ಟು ಸ್ಕೂಲ್ ಟುಮಾರೋ." ನಮ್ಮ ಹೆಡ್ಮಾಸ್ತರರು ಓದಿ "ಅಕ್ಕನ ಮದುವಿ ಬಿಟ್ಟು ಸಾಲಿಗೆ ಬರ್ತೀನಿ ಅಂತಾನ, ಎಂಥಾ ಹುಡುಗ!" ಅಂತ ಹೊಗಳಿದರು. ಮರುದಿನ ಬೆಂಚು ಖಾಲಿ.

ಬಾರೋ-ಲೆಂಡ್‌ಗೆ ನಾನು ಕೈಗಡ ಹಿಡಿಯುತ್ತೇನೆ. ಕೈಗಡ ಇಸ್ಕೊಂಡರೆ ಬಾರೋ, ಕೈಗಡ ಕೊಟ್ಟರೆ ಲೆಂಡ್. ಪೆನ್ನು ಬೇಕಾದವರು ಸರಿಯಾಗಿ ಕೇಳಿದರೆ ಮಾತ್ರ ಪೆನ್ನು ಕೊಡೋದು ಅಂತ ಕ್ಲಾಸಿನಲ್ಲಿ ನಿಯಮ ಮಾಡಿದ್ದೇನೆ. "ಲೆಂಡ್ ಮಿ" ಅಥವಾ "ಮೇ ಐ ಬಾರೋ". ಬೇರೆ ಏನಂದರೂ ಪಕ್ಕದವನು ಕೊಡೋದಿಲ್ಲ. ನಾನು ಕಲಿಸೋದಕ್ಕಿಂತ ಅವರವರೇ ಜಗಳ ಮಾಡಿ ಕಲಿತಿದ್ದು ಜಾಸ್ತಿ.

ವಿನ್-ಬೀಟ್ ಕೂಡ. "ವಿ ವನ್ ಹಾವೇರಿ ಟೀಮ್" ಅಂತಾರೆ ಕಬಡ್ಡಿ ಮುಗಿಸಿ ಬಂದು. ಏನನ್ನ ಗೆದ್ದಿರಿ ಅಂದರೆ ವಿನ್, ಯಾರನ್ನ ಸೋಲಿಸಿದಿರಿ ಅಂದರೆ ಬೀಟ್.

ಬೆಟಗೇರಿ ಅಕ್ಕೋರು

"ಸೋಲಿಸು" ಅಂದಿರಲ್ಲ, ಅದರ ಬಾಲದಲ್ಲಿರೋ 'ಇಸು' ಮೇಲೆ ನನಗೆ ಬಹಳ ಪ್ರೀತಿ. ಕಲಿ-ಕಲಿಸು, ಅದು ಲರ್ನ್-ಟೀಚ್. ನೆನಪಿಡು-ನೆನಪಿಸು, ಅದು ರಿಮೆಂಬರ್-ರಿಮೈಂಡ್. ಏರು-ಏರಿಸು, ಅದು ರೈಸ್-ರೇಜ್. ಬೆಲೆ ಏರಿತು, ರೈಸ್. ಬಸ್ ಚಾರ್ಜ್ ಏರಿಸಿದರು, ರೇಜ್. ಮಕ್ಕಳು 'ಇಸು' ಹುಡುಕಿದರೆ ಯಾವ ಪದ ಅಂತ ಗೊತ್ತಾಗಿಬಿಡುತ್ತದೆ. "ಪ್ಲೀಸ್ ರಿಮೆಂಬರ್ ಮಿ ಟುಮಾರೋ" ಅಂತ ಯಾರಾದರೂ ಬರೆದರೆ ಅದನ್ನ ಕನ್ನಡದಲ್ಲಿ ಹೇಳು ಅನ್ನುತ್ತೇನೆ. "ನಾಳೆ ನೆನಪಿಸ್ರೀ" ಅಂದ ಕೂಡಲೇ ಹಿಂದಿನ ಬೆಂಚಿನಿಂದ "ಇಸು, ಇಸು" ಅಂತ ಕೂಗು.

ಮಲಗು-ಮಲಗಿಸು ಅಂತ ಲೈ-ಲೇ ಕಲಿಸಲು ಮಾತ್ರ ಹೋಗಬೇಡಿ. ಲೈ ಪದದ ಭೂತಕಾಲವೇ ಲೇ. ಇಂಗ್ಲಿಷಿನವರೇ ಅಲ್ಲಿ ಬಿದ್ದು ಹೊರಳಾಡುತ್ತಾರೆ. ಹೈಸ್ಕೂಲಿಗೆ 'ಸ್ಲೀಪ್' ಸಾಕು.

ಕುಂದಗೋಳ ಮಾಸ್ತರ

ಎಲ್ಲ ಕೂತು ಓದಿದೆ. ಕೊಟ್ಟ ಪಟ್ಟಿಯನ್ನ ಹತ್ತನೇ ತರಗತಿಯವರಿಗೆ ಕೊನೆಗೆ ರಿವಿಜನ್ ಹೊತ್ತಿಗೆ ಇಡುತ್ತೇನೆ, ಸಪ್ತಾಪುರದ ತಮ್ಮನಿಗೂ ಸಮಾಧಾನ ಆಗಲಿ. ಎಂಟು, ಒಂಬತ್ತಕ್ಕೆ ನೋಟ್‌ಬುಕ್ಕುಗಳಿಂದಲೇ ನಮ್ಮದೇ ಪಟ್ಟಿ ತೆಗೆಯುತ್ತೇನೆ. ನಿನ್ನೆ ಒಂದು ಕಟ್ಟು ಪುಸ್ತಕ ನೋಡಿದಾಗ ಅತಿ ಜಾಸ್ತಿ ಸಿಕ್ಕಿದ್ದು ಸಿನ್ಸ್, ಆಮೇಲೆ ಸೆಡ್ ಮಿ, ಆಮೇಲೆ ಲೀವ್-ಲಿವ್. ದೇರ್ ತಪ್ಪಾದದ್ದು ಅಲ್ಲೊಂದು ಇಲ್ಲೊಂದು. ಅಫೆಕ್ಟ್ ಎಲ್ಲೂ ಇಲ್ಲ, ಯಾಕಂದ್ರೆ ಯಾರೂ ಆ ಪದ ಬಳಸೇ ಇಲ್ಲ.

ವಾರಕ್ಕೆ ಒಂದೇ ಪದ ಅಂತ ಅಂದುಕೊಂಡಿದ್ದೇನೆ. ಈ ವಾರ ಫಾರ್ ಮಾತ್ರ, "ಎಷ್ಟು ದಿನದಿಂದ" ಅಂತ. ಸಿನ್ಸ್ ಬಾಯಿಗೆ ಬಂದರೂ ಬರಲಿ, ನಾನು ಎತ್ತೋದಿಲ್ಲ. ಅಕ್ಕೋರೇ, ನೀವು ಎರಡನ್ನೂ ಒಂದೇ ಬೋರ್ಡಿನ ಮೇಲೆ ಬರೆಸಿದಿರಿ, ಆಮೇಲೆ ಜೋಡಿ ಒಟ್ಟಿಗೆ ತೋರಿಸಬೇಡಿ ಅಂದಿರಿ. ಇದು ಹೇಗೆ?

ಬೆಟಗೇರಿ ಅಕ್ಕೋರು

ಹಿಡಿದಿರಿ ನೋಡಿ 😀 ಸಿನ್ಸ್ ಅವರಿಗೆ ಹೊಸದಲ್ಲ, ಮೊದಲೇ ಮೈಗೂಡಿರುತ್ತದೆ, ಎಲ್ಲ ಕಡೆ ಅದನ್ನೇ ಹಾಕುತ್ತಾ ಬಂದಿರುತ್ತಾರೆ. ಹೊಸದು ಫಾರ್ ಒಂದೇ. ಎರಡೂ ಹೊಸದಾಗಿದ್ದರೆ ನಾನೂ ಬಿಡಿಸಿಯೇ ಕಲಿಸುತ್ತಿದ್ದೆ. ನಿಮ್ಮ ಹುಡುಗರೂ ಸಿನ್ಸ್ ಬಲ್ಲವರೇ ಅಲ್ವಾ, ನೋಡಿಕೊಂಡು ಮಾಡಿ.

ಗದಗ ಪ್ರೆಸ್

ಮಾಸ್ತರ್ರೇ, ನಿಮ್ಮ ಪಟ್ಟಿ ರೆಡಿ ಆದಮೇಲೆ ಇಲ್ಲಿ ಹಾಕಿ. ಪೋಸ್ಟರ್ ಅಳತೆಗೆ ಡಿಸೈನ್ ಮಾಡಿ ಕೊಡ್ತೀನಿ, ಶಾಲೆಗಳಿಗೆ ರೊಕ್ಕ ಬೇಡ. ಪ್ರೂಫ್ ಮಾತ್ರ ನೀವೇ ನೋಡಬೇಕು.

ರಾಣೆಬೆನ್ನೂರು ಟೀಚರ್

ಟೆಸ್ಟ್-ಟೇಸ್ಟ್ ಸೇರಿಸಿಕೊಳ್ಳಿ ಸರ್. ನಮ್ಮ ಶಾಲೆ ಎದುರಿನ ಗಿರ್ಮಿಟ್ ಗಾಡಿ ಮೇಲೆ "ವೆರಿ ಟೆಸ್ಟಿ" ಅಂತಿದೆ. ಹುಡುಗರು ದಿನಾ ಅದನ್ನೇ ಓದುತ್ತಾರೆ, ನನ್ನ ಬೋರ್ಡನ್ನಲ್ಲ.

ಕುಂದಗೋಳ ಮಾಸ್ತರ

ಹಾಕಿಕೊಂಡೆ ಟೀಚರ್. ವಾಂಟ್-ವೋಂಟ್ ಅದಕ್ಕಿಂತ ಮೇಲೆ ಇಟ್ಟಿದ್ದೇನೆ, ಮದುವೆ ಸೀಜನ್ ಬಂತು.